ಟ್ರಾನ್ಸ್‌ಫಾರ್ಮರ್ ಎಣ್ಣೆಯ ನಾಟಿ ಮೊಟ್ಟೆ

ನನ್ನ ಗಂಡನ ಅಣ್ಣ ಲೈನ್‌ಮನ್ ಕೆಲಸದಿಂದ ನಿವೃತ್ತರಾಗಿ ಮುಳ್ಳೂರಿಗೆ ಬಂದಾಗ ತಂದ ಆಸ್ತಿ ಎರಡೇ. ಒಂದು, ಎಲ್ಲವನ್ನೂ ಬಲ್ಲೆನೆಂಬ ಜಂಬ. ಇನ್ನೊಂದು, ಕ್ಯಾನ್ ತುಂಬ ಹಳೆಯ ಟ್ರಾನ್ಸ್‌ಫಾರ್ಮರ್ ಎಣ್ಣೆ. ಮಂಡಿ ನೋವಿಗೂ ಅದೇ, ಗೆದ್ದಲಿಗೂ ಅದೇ. ನಮ್ಮ ನಾಟಿ ಕೋಳಿಗಳಿಗೆ ಹೇನು ಹತ್ತಿದಾಗಲೂ ಅದೇ ಕ್ಯಾನ್ ಹೊರಬಂತು.

"ರೆಕ್ಕೆ ಸಂದಿಗೆ ಬಳಿ ಕಣವ್ವ, ಗೂಡಿಗೂ ಸವರು. ಒಂದೂ ಉಳಿಯಕಿಲ್ಲ" ಅಂದರು.

ಹೇನೇನೋ ಹೋದವು. ಅಲ್ಲಿಂದ ತಿಂಗಳಿಗೊಮ್ಮೆ ಬಳಿಯುವುದು ಮನೆಯ ಪದ್ಧತಿಯಾಯಿತು.

ಆ ವರ್ಷವೇ ನನ್ನ ಆರು ವರ್ಷದ ಮಗಳು ಮುಸ್ಸಂಜೆಯಾದರೆ ಹೊಸ್ತಿಲು ಎಡವತೊಡಗಿದಳು. ಮುಂದಿಟ್ಟ ಲೋಟವೂ ಅವಳಿಗೆ ಕಾಣುತ್ತಿರಲಿಲ್ಲ. ನಾನು ಕಂಡಕಂಡವರನ್ನೆಲ್ಲ ಕೇಳಿದೆ. ಭಾವನವರಿಗೆ ಮಾತ್ರ ಉತ್ತರ ಬಾಯಲ್ಲೇ ಇತ್ತು.

"ದಿನಾ ಒಂದು ನಾಟಿ ಮೊಟ್ಟೆ ತಿನ್ಸು. ಫಾರಂ ಮೊಟ್ಟೆ ಸುಣ್ಣದ ನೀರು ಕಣವ್ವ. ನಮ್ಮದು ಒಡ್ದು ನೋಡು, ಅಪ್ಪಟ ಚಿನ್ನ."

ಒಡೆದರೆ ನಿಜಕ್ಕೂ ಚಿನ್ನದ ಬಣ್ಣವೇ. ಮಗಳು ಸೊಪ್ಪು, ಪರಂಗಿಹಣ್ಣು ಮುಟ್ಟುತ್ತಿರಲಿಲ್ಲ. ಮೊಟ್ಟೆ ಇದೆಯಲ್ಲ ಎಂದು ನಾನೂ ಬಲವಂತ ಬಿಟ್ಟೆ. ತಿಂಗಳುಗಟ್ಟಲೆ ತಿನ್ನಿಸಿದರೂ ಎಡವುವುದು ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಕೊಳ್ಳೇಗಾಲದ ಕಣ್ಣಿನ ಡಾಕ್ಟರು ಎ ವಿಟಮಿನ್ ಕೊರತೆ ಎಂದು ಔಷಧಿ ಕೊಟ್ಟರು. ದಿನಾ ಮೊಟ್ಟೆ ತಿನ್ನುವ ಮಗುವಿಗೆ ಕೊರತೆ ಹೇಗೆ? ಊರಿಗೆ ಬಂದ ಪಶುವೈದ್ಯರನ್ನು ಕೇಳಿದೆ. ಎಣ್ಣೆಯ ವಿಷಯ ಬಾಯಿಬಿಟ್ಟಾಗ ಅವರು ಹಣೆ ಚಚ್ಚಿಕೊಂಡರು.

"ಹಳೇ ಟ್ರಾನ್ಸ್‌ಫಾರ್ಮರ್ ಎಣ್ಣೇಲಿ ವಿಷದ ರಾಸಾಯನಿಕ ಇರುತ್ತೆ. ಆ ವಿಷ ಕೋಳಿ ಮೈಗೆ ಇಳಿಯುತ್ತೆ, ಎ ವಿಟಮಿನ್ ಕೆಡಿಸುತ್ತೆ. ಮೊಟ್ಟೆಗೂ ಇಳಿಯುತ್ತೆ. ನಿಮ್ಮ ಮೊಟ್ಟೇಲಿ ವಿಟಮಿನ್ ಎಷ್ಟು ಉಳಿದಿತ್ತೋ, ಪರೀಕ್ಷೆ ಮಾಡದೆ ಹೇಳಕ್ಕಾಗಲ್ಲ."

"ಹಳದಿ ಚೆನ್ನಾಗಿತ್ತಲ್ಲ ಸಾ?"

"ಬಣ್ಣ ಮೇವಿಂದ ಬರುತ್ತೆ ಕಣಮ್ಮ. ಬೆಳ್ಳಗಿರೋದೆಲ್ಲ ಹಾಲಲ್ಲ."

ಭಾವನವರಿಗೆ ಹೇಳಿದೆ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜನ. "ದನದ ಡಾಕ್ಟರ್‌ಗೆ ಕರೆಂಟ್ ಎಣ್ಣೆ ಏನ್ಲಾ ಗೊತ್ತು" ಎಂದು ನನ್ನ ಗಂಡನ ಕಡೆ ತಿರುಗಿ ನಕ್ಕು, ಮಂಡಿಗೆ ಇನ್ನೊಂದು ಕೈ ಸವರಿಕೊಂಡರು.

ಔಷಧಿ ಹಿಡಿಯಿತು. ಒಂದು ಮುಸ್ಸಂಜೆ ಮಗಳು ಅಂಗಳದಲ್ಲಿ ಬಿದ್ದಿದ್ದ ನನ್ನ ಪಿನ್ನನ್ನು ತಾನೇ ಹುಡುಕಿ ತಂದಳು. ಜಗುಲಿಯ ಮೇಲಿಂದ ಭಾವ, "ನೋಡ್ದಾ, ನಾಟಿ ಮೊಟ್ಟೆ ಪವರು" ಅಂದರು.

ಥೂ, ಎಂಥ ಮನುಷ್ಯ ಅನ್ನಿಸಿತು. ಆದರೆ ಭಾವ ಒಂದು ದಿನವೂ ಬಗ್ಗಿ ಕೋಳಿ ಹಿಡಿದವರಲ್ಲ. ರೆಕ್ಕೆ ಎತ್ತಿ ಎಣ್ಣೆ ಬಳಿದದ್ದು ನಾನು. ಆ ಮೊಟ್ಟೆ ಸುಲಿದು, ಬೇಡವೆಂದರೂ ಮಗಳ ಬಾಯಿಗೆ ತುರುಕಿದ್ದೂ ನಾನೇ.