ಗಂಡ ಬಿದ್ದಲ್ಲಿಗೆ ವ್ಯಾನು

“ಪಾಪ, ಬೆಳಗಾದರೆ ಸಾಕು, ಗಂಡ ಎಲ್ಲಿ ಬಿದ್ದಿದ್ದಾನೋ ಅಂತ ಹುಡುಕ್ಕೊಂಡು ಹೋಗ್ತಾಳೆ.”

ವ್ಯಾನಕ್ಕನ ಬಗ್ಗೆ ನೆರೆಹೊರೆಯವರು ಹೀಗೆ ಹೇಳುತ್ತಿದ್ದರು. ಬೀದಿಗೆ ಹೊಸದಾಗಿ ಬಂದವರು, ಅಷ್ಟು ಸಭ್ಯ ಮನುಷ್ಯ ಕುಡಿಯುತ್ತಾನೆಯೇ ಎಂದು ಮೂಗಿನ ಮೇಲೆ ಬೆರಳಿಡುತ್ತಿದ್ದರು. ಆತ ಕುಡಿಯುತ್ತಿದ್ದುದು ಚಹಾ ಮಾತ್ರ. ಆದರೆ ಬೀಳುತ್ತಿದ್ದುದು ಆಕಾಶದಿಂದ. ಆತ ಬಿಸಿಗಾಳಿ ಬಲೂನು ಹಾರಿಸುವವನು. ಬಲೂನಿನ ಬೆನ್ನು ಹತ್ತಿ ವ್ಯಾನು ಓಡಿಸುವವಳು ಈಕೆ.

ಬಲೂನಿಗೆ ಚುಕ್ಕಾಣಿ ಇರುವುದಿಲ್ಲ. ಜನ ನಿಲ್ಲುವ ಬುಟ್ಟಿಯ ಮೇಲಿನ ಬರ್ನರು ಉರಿದು ಒಳಗಿನ ಗಾಳಿ ಕಾದರೆ ಹಗುರಾಗಿ ಏರುತ್ತದೆ. ಹಗ್ಗ ಎಳೆದು ನೆತ್ತಿಯ ಮುಚ್ಚಳ ತೆರೆದರೆ ಬಿಸಿಗಾಳಿ ಸೋರಿ ಬಲೂನು ಇಳಿಯುತ್ತದೆ. ಏರಿಳಿತ ಮನುಷ್ಯನ ಕೈಯಲ್ಲಿ, ಊರು ಸೇರಿಸುವುದು ಗಾಳಿಯ ಕೈಯಲ್ಲಿ. ಒಂದೊಂದು ಎತ್ತರದಲ್ಲಿ ಒಂದೊಂದು ದಿಕ್ಕಿನ ಗಾಳಿ. ವ್ಯಾನಕ್ಕ ಬೇಕರಿಯ ಹೊಗೆ, ಮಹಡಿಗಳ ಮೇಲೆ ಒಣಹಾಕಿದ ಬಟ್ಟೆ ನೋಡಿಯೇ ಕೆಳಗಾಳಿಯ ಜಾತಕ ಹೇಳುತ್ತಿದ್ದಳು.

ವಾಕಿಟಾಕಿಯಲ್ಲಿ ದಿನವೂ ಇದೇ ಸಂಸಾರ.

“ಎಲ್ಲಿದೀಯೇ?”

“ನೀವು ಇಳಿಯೋ ಮೈದಾನದಲ್ಲಿ.”

“ಎಲ್ಲಿ ಇಳೀಬೇಕು ಅಂತ ನಾನಿನ್ನೂ ತೀರ್ಮಾನಾನೇ ಮಾಡಿಲ್ವಲ್ಲೇ.”

“ಗಾಳಿ ಮಾಡಿದೆ. ನೀವು ನಿಧಾನಕ್ಕೆ ಬನ್ನಿ.”

ಇಪ್ಪತ್ತಾರು ವರ್ಷ ಹೀಗೇ ನಡೆಯಿತು. ಅಷ್ಟು ವರ್ಷದಲ್ಲಿ ಒಮ್ಮೆಯೂ ಆಕೆ ಬುಟ್ಟಿ ಹತ್ತಲಿಲ್ಲ. ಹತ್ತಿದರೆ ವ್ಯಾನು ಓಡಿಸುವವರಾರು?

ಆಮೇಲೆ ಗಂಡನ ಬೆನ್ನುಮೂಳೆ ಮಾತಾಡತೊಡಗಿತು. “ಕಾರು ಓಡಿಸಿ, ಬೇಡ ಅನ್ನಲ್ಲ. ಬುಟ್ಟಿ ಜೊತೆ ನೆಲಕ್ಕೆ ಕುಕ್ಕರಿಸೋದು ಇನ್ನು ಸಾಕು” ಎಂದರು ಡಾಕ್ಟರು. ಆತ ಮನೆಗೆ ಬಂದು, ಮಡಿಸಿಟ್ಟ ಬಲೂನಿನ ಚೀಲಕ್ಕೆ ಒರಗಿ ಕೂತ. ಬಲೂನನ್ನು ಬೇರೆಯವರಿಗೆ ಕೊಟ್ಟುಬಿಡುವ ಮಾತು ಬಂತು.

“ಯಾಕೆ ಕೊಡಬೇಕು? ನಾನು ಹಾರಿಸ್ತೀನಿ.”

“ಐವತ್ತೆರಡು ವರ್ಷಕ್ಕೆ?”

“ಮೊದಮೊದಲು ಬಲೂನಿನಲ್ಲಿ ಹೋದದ್ದು ಒಂದು ಕುರಿ, ಒಂದು ಬಾತು, ಒಂದು ಹುಂಜ. ನೀವೇ ಅಲ್ವಾ ಹೇಳಿದ್ದು? ಅವು ಮೂರೂ ನೆಟ್ಟಗೆ ಇಳಿದು ಬಂದ್ವು. ನಾನು ಕುರಿಗಿಂತ ಕಡೆಯಾ?”

“ಕುರಿ ಇಷ್ಟು ವಾದ ಮಾಡ್ತಿರಲಿಲ್ಲ ಕಣೇ” ಎಂದ ಗಂಡ. ಮರುದಿನವೇ ಹಳೆಯ ಪುಸ್ತಕಗಳ ಧೂಳು ಕೊಡವಿ ಪಾಠ ಶುರುಮಾಡಿದ. ಕಾಗದ ತಯಾರಿಸುವ ಮನೆತನದ ಅಣ್ಣತಮ್ಮಂದಿರು ಮೊದಲ ಬಲೂನು ಮಾಡಿದಾಗ, ಅದನ್ನು ಎತ್ತುವುದು ಹೊಗೆ ಎಂದೇ ನಂಬಿದ್ದರಂತೆ. “ಕಾರಣ ತಪ್ಪು, ಕೆಲಸ ಸರಿ. ನಮ್ಮ ಮದುವೆ ಥರಾ” ಎಂದು ಆಕೆ ನಕ್ಕಳು.

ಎಂಟು ತಿಂಗಳು ಬಲೂನು ಕ್ಲಬ್ಬಿನ ಮೇಷ್ಟ್ರ ಜೊತೆ ಹಾರಿದ ಮೇಲೆ ಪರೀಕ್ಷೆ ಬಂತು. ಫೇಲಾದರೆ ಬಲೂನು ಕೈಬಿಟ್ಟಂತೆಯೇ. ಪರೀಕ್ಷಕರು ಬುಟ್ಟಿಯಿಂದ ಬಗ್ಗಿ, ನದಿಯಾಚೆಯ ಹುಲ್ಲುಮೈದಾನ ತೋರಿಸಿದರು: “ಅಲ್ಲಿ ಇಳಿಸಿ.” ಮೇಲಿನ ಗಾಳಿ ಬಲೂನನ್ನು ತದ್ವಿರುದ್ಧ ದಿಕ್ಕಿಗೆ ಒಯ್ಯುತ್ತಿತ್ತು. ಆಕೆ ಕೆಳಗೆ ಹುಡುಕಿದಳು. ಬೇಕರಿಯ ಹೊಗೆ ನದಿಯ ಕಡೆಗೇ ವಾಲಿತ್ತು.

ಹಗ್ಗ ಎಳೆದಳು. ಬಲೂನು ಛಾವಣಿಗಳಿಗಿಂತ ಸ್ವಲ್ಪವೇ ಎತ್ತರದವರೆಗೆ ಇಳಿಯಿತು.

“ಇಷ್ಟು ಕೆಳಕ್ಕಾ?” ಎಂದರು ಪರೀಕ್ಷಕರು, ಬುಟ್ಟಿಯ ಅಂಚು ಹಿಡಿದು.

“ಗಾಳಿ ಇಲ್ಲೇ ಇದೆ ಸರ್.”

ಇತ್ತು. ನದಿ ದಾಟಿಸಿ, ಹುಲ್ಲಿನ ಮೇಲೆ ಮೊಟ್ಟೆ ಇಟ್ಟಂತೆ ಇಳಿಸಿತು. ಪಾಸಾಯಿತು. ವ್ಯಾನು ಮಾತ್ರ ಬರಲಿಲ್ಲ. ಮುಕ್ಕಾಲು ಗಂಟೆಯ ನಂತರ ಗಂಡ ಬಂದು, “ಸೇತುವೆ ಎಲ್ಲಿ ಅಂತ ಯಾರೂ ಸರಿಯಾಗಿ ಹೇಳಲಿಲ್ಲ” ಎಂದು ಊರಿನವರನ್ನೇ ಬೈದ.

ಲೈಸೆನ್ಸು ಬಂದ ತಿಂಗಳಲ್ಲೇ, ವರ್ಷವಿಡೀ ಗಾಳಿ ಹದವಾಗಿರುವ ಇನ್ನೊಂದು ಊರಿನ ಮೈದಾನದಲ್ಲಿ ಆಕೆಗೆ ಕೆಲಸ ಸಿಕ್ಕಿತು, ಇರಲು ಮನೆಯೂ. ಹಳೆಯ ಮನೆ ಖಾಲಿಯಾಯಿತು. ಬುಟ್ಟಿಯೊಳಗೆ ಪಾತ್ರೆಗಳು, ಬಲೂನಿನ ಚೀಲದ ಮೇಲೆ ಹಾಸಿಗೆಗಳು ಏರಿದವು. ವ್ಯಾನಕ್ಕ ಒಳಗೆ ಹೋಗಿ ನಲ್ಲಿಗಳನ್ನು ತಿರುಪಿ ನೋಡಿದಳು, ಬಾಗಿಲು ಎಳೆದು ಬೀಗ ಜಗ್ಗಿದಳು, ಕೀಲಿಯನ್ನು ಪಕ್ಕದ ಮನೆಯವಳ ಕೈಗಿತ್ತಳು. ಆಮೇಲೆ ಮೆಟ್ಟಿಲಿಳಿದು, ವ್ಯಾನಿನ ಎಡಬಲ ಒಂದು ಸುತ್ತು ನೋಡಿ, ಗಂಡನ ಪಕ್ಕದ ಸೀಟಿನಲ್ಲಿ ಕೂತಳು.

“ಹೊರಡೋಣ್ವಾ, ಪೈಲಟ್ಟಮ್ಮ?”

“ಮೊದಲು ಹ್ಯಾಂಡ್‌ಬ್ರೇಕ್ ತೆಗೀರಿ.”