ಪೊಟ್ಟಣ ತನ್ನಿ

ನನ್ನ ಮಾವ ಮೂವತ್ತೊಂದು ವರ್ಷ ಪ್ರಾಣಿಗಳ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದರು. ಬೀದಿಯವರ ಬಾಯಲ್ಲಿ ಅವರ ಹೆಸರು ‘ಪೊಟ್ಟಣ’. ಯಾರ ಮನೆಯ ನಾಯಿ ಏನು ನುಂಗಿದರೂ ಮೊದಲ ಫೋನು ಇವರಿಗೇ. ಇವರದು ನಾಲ್ಕೇ ಪ್ರಶ್ನೆ: ಏನು ತಿಂತು, ಎಷ್ಟು ತಿಂತು, ಯಾವಾಗ ತಿಂತು, ನಾಯಿ ತೂಕ ಎಷ್ಟು. ಕೊನೆಗೊಂದು ಅಪ್ಪಣೆ: “ನೀವಾಗಿ ಏನೂ ಕುಡಿಸಬೇಡಿ. ಪೊಟ್ಟಣ ತನ್ನಿ.”

ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿಕೊಂಡು ಬಂದವರಿಗೆ ಮಾತ್ರ ಗ್ರಹಚಾರ ಬಿಡಿಸುತ್ತಿದ್ದರು. ಒಮ್ಮೆ ವಕೀಲರೊಬ್ಬರನ್ನು ಎಲ್ಲರೆದುರೇ ಕೇಳಿದ್ದರಂತೆ: “ವಿಷ ಸಾಲ್ದು ಅಂತ ಉಪ್ಪು ಬೇರೆ ಹಾಕಿದ್ರಾ ಸ್ವಾಮಿ?”

ಮನೆಯಲ್ಲಿ ಅವರದೊಂದು ಬಿಸ್ಕತ್ತಿನ ಡಬ್ಬಿ. ಅದರ ತುಂಬ ಖಾಲಿ ಪೊಟ್ಟಣಗಳು. ಇಲಿಪಾಷಾಣ, ಜಿರಲೆ ಪುಡಿ, ಮಾತ್ರೆ ಶೀಟು. ಅಂಗಡಿಯಿಂದ ತಂದಿಟ್ಟದ್ದು ಯಾವ ವಿಷ ಎಂದು ಮರೆತವರು ಇದರಲ್ಲಿ ನೋಡಿ ಗುರುತು ಹಿಡಿಯಲಿ ಎಂದು ಇಟ್ಟದ್ದು. ಪ್ರತಿಯೊಂದರ ಹಿಂದೆ ಪೆನ್ಸಿಲ್ಲಿನಲ್ಲಿ ತಾರೀಕು, ಕೆಳಗೆ ‘ಬದುಕಿತು’ ಅಥವಾ ‘ಹೋಯಿತು’. ಹೆಚ್ಚಿಗೆ ಒಂದಕ್ಷರ ಇಲ್ಲ. “ಒಂದಿನ ನನ್ನನ್ನೂ ಇದ್ರಲ್ಲಿ ಬರೆದು ಮುಚ್ಚಳ ಹಾಕ್ತಾರೆ ನೋಡು,” ಎಂದು ಅತ್ತೆ ನಗುತ್ತಿದ್ದರು.

ಅತ್ತೆ ಹೃದಯ ನಿಂತು ಹೋಗಿ ಐದು ತಿಂಗಳಾಗಿತ್ತು. ಮಾವ ಅಳಲಿಲ್ಲ. ಹೊತ್ತಿಗೆ ಸರಿಯಾಗಿ ಉಂಡರು, ಕೇಳಿದ್ದಕ್ಕೆಲ್ಲ ಹ್ಞೂಂ ಅಂದರು, ಉಳಿದ ಹೊತ್ತು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತರು. ಮಂಚದ ಪಕ್ಕದ ಸ್ಟೂಲಿನ ಮೇಲೆ ಅತ್ತೆಯ ಮಾತ್ರೆ ಶೀಟು ಹಾಗೇ ಇತ್ತು. ತೆಗೆಯಹೋದರೆ “ಇರ್ಲಿ ಬಿಡಮ್ಮ” ಅನ್ನುವರು. ನನಗೆ ಸಿಟ್ಟು ಬರುತ್ತಿತ್ತು. ಅಳುವವರಿಗೆ ಸಮಾಧಾನ ಹೇಳಬಹುದು. ಹೀಗೆ ಕೂತವರಿಗೆ ಏನು ಹೇಳುವುದು?

ಸ್ಟೂಲಿನ ಕೆಳಗೆ ಮಲಗುತ್ತಿದ್ದದ್ದು ಡುಮ್ಮಿ, ಅತ್ತೆ ಸಾಕಿದ ನಾಯಿ. ಒಂದು ಮಧ್ಯಾಹ್ನ ಒಣಗಿದ ಬಟ್ಟೆ ಮಡಿಚಿಡಲು ಆ ಕೋಣೆಗೆ ಹೋದೆ. ಡುಮ್ಮಿಯ ಬಾಯಲ್ಲಿ ಶೀಟು, ನೆಲದ ತುಂಬ ಬೆಳ್ಳಿ ಕಾಗದದ ಚೂರು. ಮಾವನನ್ನು ಕೂಗಿದೆ. ಬಂದರು, ನೋಡಿದರು, ಅಡುಗೆಮನೆಗೆ ನಡೆದರು. ಫೋನು ತರಲು ಹೋಗಿರಬೇಕು ಅಂದುಕೊಂಡೆ. ಹಿಂದೆ ಹೋಗಿ ನೋಡಿದರೆ ಲೋಟದಲ್ಲಿ ಉಪ್ಪು ಕದಡುತ್ತಿದ್ದಾರೆ.

“ಮಾವ, ಏನ್ ಮಾಡ್ತಿದೀರಿ?”

ಚಮಚ ನಿಂತಿತು. “ಗೊತ್ತಾಗ್ತಿಲ್ಲ ಕಣಮ್ಮ.”

ಲೋಟ ಕಸಿದು ಸಿಂಕಿಗೆ ಸುರಿದೆ. ಈ ನಾಯಿಯೂ ಹೋದರೆ ಮಾವ ಇನ್ನು ಆ ಕುರ್ಚಿ ಬಿಟ್ಟು ಏಳುವುದಿಲ್ಲ ಎಂಬ ಹೆದರಿಕೆ ನನಗೆ. ಬೇರೇನೂ ತೋಚದೆ ಅವರ ಪ್ರಶ್ನೆಗಳನ್ನು ಅವರಿಗೇ ಹಾಕಿದೆ.

“ಏನ್ ತಿಂತು?”

“ಬಿ.ಪಿ. ಮಾತ್ರೆ.”

“ಯಾವಾಗ?”

“ಅರ್ಧ ಗಂಟೆ ಮುಂಚೆ ನೋಡ್ದಾಗ ಸ್ಟೂಲ್ ಮೇಲೇ ಇತ್ತು.”

“ತೂಕ?”

“ಹನ್ನೊಂದು ಕೇಜಿ.”

“ಎಷ್ಟು ತಿಂತು?” ಇಲ್ಲಿ ತಡವರಿಸುತ್ತಾರೆ ಅಂದುಕೊಂಡಿದ್ದೆ.

“ಶೀಟಲ್ಲಿ ಏಳಿತ್ತು.”

“ಸರಿಯಾಗಿ ನೆನಪಿದೆಯಾ?”

“ದಿನಾ ಎಣಿಸ್ತೀನಿ. ಅವತ್ತು ಬೆಳಗ್ಗೆ ಒಂದು ತಗೊಂಡ್ಲು. ಏಳು ಉಳೀತು.”

ಅವರು ಅದನ್ನು ಮಳೆ ಬಂತು, ಬಾಗಿಲು ಹಾಕು ಅನ್ನುವ ದನಿಯಲ್ಲೇ ಹೇಳಿದರು. ನಾನು ಪೊರಕೆ ಹಿಡಿದು ಮಂಚದಡಿ ಗುಡಿಸಿದೆ. ಮೂರು ಇಡೀ ಮಾತ್ರೆ ಸಿಕ್ಕವು. ಅಂದರೆ ಹೊಟ್ಟೆಗೆ ಹೋದದ್ದು ನಾಲ್ಕು. ಮಾತ್ರೆ ಕಾಗದದಲ್ಲಿ ಕಟ್ಟಿ ಮೇಜಿನ ಮೇಲಿಟ್ಟು, ಚೂರುಗಳನ್ನೆಲ್ಲ ಬಳಿದು ಚೀಲಕ್ಕೆ ಹಾಕಿ, ನಾಯಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಓಡಿದೆವು.

ಆಸ್ಪತ್ರೆಯ ಡಾಕ್ಟರಮ್ಮ ಮಾವನ ಕೈಕೆಳಗೇ ಸೂಜಿ ಚುಚ್ಚಲು ಕಲಿತವರು. ಶೀಟು ನೋಡಿದರು, ಲೆಕ್ಕ ಕೇಳಿದರು, ಇಂಜೆಕ್ಷನ್ ಕೊಟ್ಟು ತಾವೇ ವಾಂತಿ ಮಾಡಿಸಿದರು. ಆಮೇಲೆ ವಿಷ ಹೀರಿಕೊಳ್ಳುವ ಇದ್ದಿಲ ಔಷಧಿ ಕುಡಿಸಿ ಡ್ರಿಪ್ ಹಾಕಿದರು. “ಮನೇಲಿ ಉಪ್ಪುನೀರು ಕುಡಿಸಿಲ್ಲ ತಾನೆ?” ಎಂದವರು ನಾಲಿಗೆ ಕಚ್ಚಿಕೊಂಡರು. “ನಿಮ್ಮನ್ನ ಇದು ಕೇಳೋದೇ ತಪ್ಪು.”

ಮಾವ ನನ್ನ ಮುಖ ನೋಡಿದರು. ನಾನು ಗೋಡೆ ಗಡಿಯಾರ ನೋಡಿದೆ.

ಡುಮ್ಮಿಯ ಎದೆಬಡಿತ ತೀರಾ ಇಳಿದಿತ್ತು. ಸಂಜೆಯ ಹೊತ್ತಿಗೆ ಸ್ವಲ್ಪ ಏರಿತು. ಮಾರನೆಯ ಬೆಳಗ್ಗೆ ಡಾಕ್ಟರಮ್ಮ, ಇನ್ನು ಭಯವಿಲ್ಲ, ಮನೆಗೆ ಕರೆದುಕೊಂಡು ಹೋಗಿ ಅಂದರು. ನಾನು ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಮಾವ ಟವೆಲ್ ಮಡಿಚುತ್ತಿದ್ದರು.

ಮನೆಗೆ ಬಂದು ಡಬ್ಬಿ ಇಳಿಸಿದರು. ಹರಿದ ಶೀಟನ್ನು ಅಂಗೈಯಲ್ಲಿ ಒತ್ತಿ ಸಪಾಟು ಮಾಡಿ, ಹಿಂದೆ ಕಾಗದ ಅಂಟಿಸಿ, ತಾರೀಕು ಹಾಕಿ ‘ಬದುಕಿತು’ ಎಂದು ಬರೆದರು. ಪೆನ್ಸಿಲ್ ಕೆಳಗಿಡಲಿಲ್ಲ. ತುಂಬ ಹೊತ್ತಾದ ಮೇಲೆ ಅದರ ಕೆಳಗೆ ಇನ್ನೊಂದು ತಾರೀಕು ಬರೆದರು, ಐದು ತಿಂಗಳ ಹಿಂದಿನದು. ಅದರ ಮುಂದೆ ‘ಹೋದಳು’.

ಮುಚ್ಚಳ ಹಾಕಿ, ಮೇಜಿನ ಮೇಲಿನ ಕಾಗದದ ಕಟ್ಟನ್ನು ನನ್ನ ಕಡೆ ಸರಿಸಿದರು.

“ಆ ಮೂರು ಎಸೆದ್ಬಿಡಮ್ಮ,” ಎಂದರು. “ಯಾವ ನಾಯಿಗೂ ಸಿಗದ ಹಾಗೆ.”