ಎರಡು ಬಗೆಯ ಕಡುಬು, ಒಂದೇ ಕಾವಲಿ

ದೊಡ್ಡಕ್ಕ ಯಾರನ್ನೂ ಕೇಳಿ ಕಲಿತವಳಲ್ಲ. ಚಿಕ್ಕ ವಯಸ್ಸಿಗೇ ಚೀನೀ ಹೋಟೆಲೊಂದರ ಅಡುಗೆಮನೆ ಹೊಕ್ಕು, ಪಾತ್ರೆ ತೊಳೆಯುತ್ತಲೇ ಅಡುಗೆಯವನ ಕೈಯನ್ನು ಕದ್ದು ನೋಡಿ ಕಡುಬು ಮಾಡುವುದನ್ನು ಕಲಿತಳು. ಕೇಳಿದ್ದರೆ ಅವನೇ ಹೇಳಿಕೊಡುತ್ತಿದ್ದನೋ ಏನೋ. ಆದರೆ ಕೇಳುವುದೆಂದರೆ ಅವಳಿಗೆ ತಲೆ ತಗ್ಗಿಸಿದ ಹಾಗೆ. ಗಂಡ ತೀರಿಕೊಂಡ ಮೇಲೂ ಯಾರ ಮುಂದೆಯೂ ಕೈಚಾಚದೆ ಸ್ವಂತ ಹೋಟೆಲು ತೆರೆದಳು. ನಾಲ್ಕು ಮೇಜು, ಒಂದು ಒಲೆ, ಮುಚ್ಚಳವಿರುವ ಒಂದು ದೊಡ್ಡ ಕಬ್ಬಿಣದ ಕಾವಲಿ. ಜಪಾನೀ ಹೋಟೆಲಿನಲ್ಲಿ ದುಡಿಯುತ್ತಿದ್ದ ತಂಗಿ ಆ ಕೆಲಸ ಬಿಟ್ಟು ಬಂದು ಜೊತೆಗೂಡಿದಳು. ಗಿರಾಕಿಗಳ ಬಾಯಲ್ಲಿ ಅವಳು ಚಿಕ್ಕಕ್ಕ. ಅವಳ ಬೆನ್ನಿಗೇ ಜಗಳವೂ ಬಂತು.

ಹೊರಗಿನವರ ಕಣ್ಣಿಗೆ ಇಬ್ಬರ ಕಡುಬೂ ಒಂದೇ. ಅರ್ಧಚಂದ್ರದ ಆಕಾರ, ಒಳಗೆ ಕೊಚ್ಚಿದ ಮಾಂಸ, ಎಲೆಕೋಸು, ತಳ ಕೆಂಪಗೆ. ಈ ಅಕ್ಕತಂಗಿಯರ ಮುಂದೆ ಹಾಗೆಂದು ಹೇಳಿ ನೋಡಿ! ದೊಡ್ಡಕ್ಕನ ಚೀನೀ ಕಡುಬಿಗೆ ಕಣಕವನ್ನು ಮನೆಯಲ್ಲೇ ಕಲಸಿ, ಒಂದೊಂದನ್ನೂ ನಡುವೆ ದಪ್ಪ, ಅಂಚು ತೆಳುವಾಗುವಂತೆ ಲಟ್ಟಿಸಬೇಕು. ಹೂರಣದಲ್ಲಿ ಶುಂಠಿಯ ಖಾರ ಮುಂದು. ಕಚ್ಚಿದರೆ ಹಲ್ಲಿಗೆ ಕೆಲಸ ಸಿಗುತ್ತದೆ, ಹೊಟ್ಟೆಯೂ ತುಂಬುತ್ತದೆ. ಚಿಕ್ಕಕ್ಕನ ಜಪಾನೀ ಕಡುಬಿಗೆ ಅಂಗಡಿಯಿಂದ ತಂದ, ಬೆಳಕು ತೂರುವಷ್ಟು ತೆಳ್ಳನೆಯ ಹಿಟ್ಟಿನ ಹಾಳೆ. ಎಲೆಕೋಸನ್ನು ಸಣ್ಣಗೆ ಹೆಚ್ಚಿ, ಉಪ್ಪು ಹಾಕಿ ಹಿಂಡಿ, ಬೆಳ್ಳುಳ್ಳಿ ಧಾರಾಳವಾಗಿ ಸೇರಿಸುತ್ತಾಳೆ. ನಿರಿಗೆ ಒಂದೇ ಮಗ್ಗುಲಿಗೆ. ತಳ ಗರಿಗರಿ, ಮೇಲೆ ಮೆತ್ತಗೆ, ಬಾಯಲ್ಲಿಟ್ಟರೆ ಮಾಯ. ‘ಇನ್ನೊಂದು ತಟ್ಟೆ’ ಎನ್ನುವವರು ಅದಕ್ಕೇ ಹೆಚ್ಚು. ದೊಡ್ಡಕ್ಕನ ಹೊಟ್ಟೆ ಉರಿಯುತ್ತಿದ್ದದ್ದು ಅಲ್ಲೇ.

ಒಂದು ಮಧ್ಯಾಹ್ನ, ಹೋಟೆಲು ತುಂಬಿರುವಾಗ ಇಬ್ಬರಿಗೂ ಒಟ್ಟಿಗೇ ಕಾವಲಿ ಬೇಕಾಯಿತು. ದೊಡ್ಡಕ್ಕನ ಪಿತ್ತ ನೆತ್ತಿಗೇರಿತು.

“ಅಂಗಡೀಲಿ ಕೊಂಡ ಹಾಳೆ ಮಡಚೋದೂ ಒಂದು ಅಡುಗೇನಾ? ಮಕ್ಕಳೂ ಮಾಡ್ತಾರೆ ಕಣೆ!”

ಗಿರಾಕಿಗಳೆಲ್ಲ ಕೇಳಿಸಿಕೊಂಡರು. ತಂಗಿ ತಿರುಗಿ ಬೈದಿದ್ದರೆ ಸಂಜೆಗೆ ಸರಿಹೋಗುತ್ತಿತ್ತು. ಅವಳು ಬೈಯಲಿಲ್ಲ. ಕೆಲಸ ಮುಗಿಸಿ ಏಪ್ರನ್ ಬಿಚ್ಚುತ್ತ, “ಹಳೇ ಹೋಟೆಲ್ನೋರು ಮತ್ತೆ ಕರೀತಿದಾರೆ. ಸೋಮವಾರದಿಂದ ಅಲ್ಲಿಗೇ ಹೋಗ್ತೀನಕ್ಕ” ಎಂದಳು.

“ಹೋಗು. ಯಾರು ಹಿಡ್ಕೊಂಡಿದಾರೆ?”

ದೊಡ್ಡಕ್ಕ ಬಾಯಿಗೆ ಬಂದದ್ದನ್ನು ಅಂದುಬಿಟ್ಟಳು. ಮನೆಗಾಗಲಿ ಹೋಟೆಲಿಗಾಗಲಿ ಅವಳಿಗಿದ್ದವಳು ಆ ತಂಗಿ ಒಬ್ಬಳೇ. ಅದನ್ನು ಹೇಳಲು ಮಾತ್ರ ನಾಲಗೆ ಹೊರಳಲಿಲ್ಲ.

ಶನಿವಾರ ತಂಗಿ ಹಳೆಯ ಹೋಟೆಲಿನವರೊಡನೆ ಮಾತಾಡಲು ಹೋದಳು. ಅದೇ ಹೊತ್ತಿಗೆ ಎದುರು ಅಂಗಡಿಯ ದರ್ಜಿ ಬಂದು ಚಿಕ್ಕಕ್ಕನ ಕಡುಬೇ ಬೇಕೆಂದು ಕೂತ. ಇಲ್ಲವೆಂದಿದ್ದರೆ ಮುಗಿದಿತ್ತು. ಆದರೆ ಮಕ್ಕಳೂ ಮಾಡುವ ಕೆಲಸ ತನಗೆ ಬಾರದೇ? ಫ್ರಿಜ್ಜಿನಲ್ಲಿ ಹಾಳೆ, ಹೂರಣ ಎರಡೂ ಇದ್ದವು. ದೊಡ್ಡಕ್ಕ ತನ್ನ ಅಭ್ಯಾಸದಂತೆ ಹೂರಣ ಗಿಡಿದು ತುಂಬಿದಳು, ಹಾಳೆ ಹರಿಯಿತು. ಹರಿದದ್ದನ್ನು ಒದ್ದೆ ಬೆರಳಿನಿಂದ ಅಂಟಿಸಿ ಕಾವಲಿಗಿಟ್ಟಳು. ಇಷ್ಟು ವರ್ಷ ತನ್ನ ದಪ್ಪ ಕಡುಬಿಗೆ ಹೊಯ್ದಂತೆಯೇ ಅರ್ಧ ಮುಳುಗುವಷ್ಟು ನೀರು ಹೊಯ್ದು, ಹಬೆಯಲ್ಲಿ ಬೇಯಲೆಂದು ಮುಚ್ಚಿದಳು. ಮುಚ್ಚಳ ತೆಗೆದಾಗ ಕಡುಬೇ ಇರಲಿಲ್ಲ, ಗಂಜಿಯಿತ್ತು.

ದರ್ಜಿ ಇಣುಕಿ ನೋಡಿದ. “ರೇಷ್ಮೆಗೆ ಗೋಣಿ ಹೊಲಿಯೋ ಸೂಜಿ ಹಾಕಿದ್ರಾ, ದೊಡ್ಡಕ್ಕ?”

ಅವನಿಗೆ ತನ್ನ ಕಡುಬನ್ನೇ ಕೊಟ್ಟು ಕಳಿಸಿದಳು. ಕಾವಲಿಯನ್ನು ತಿಕ್ಕಿ ತೊಳೆದಿಟ್ಟರೆ ತಂಗಿಗೆ ಸುಳಿವೂ ಸಿಗುತ್ತಿರಲಿಲ್ಲ. ತಳ ಕೆರೆಯಲೆಂದು ಸಟ್ಟುಗವನ್ನೂ ಕೈಗೆತ್ತಿಕೊಂಡಳು. ಆಮೇಲೆ ಸಟ್ಟುಗ ಕೆಳಗಿಟ್ಟು, ಮುಚ್ಚಳ ಮುಚ್ಚಿ, ಕಾವಲಿಯನ್ನು ಒಲೆಯ ಮೇಲೇ ಬಿಟ್ಟಳು.

ಸಂಜೆ ತಂಗಿ ಬಂದು ಮುಚ್ಚಳ ಎತ್ತಿದಳು. “ಇದೇನಕ್ಕ?”

“ನಿನ್ನ ಕಡುಬು.”

“ನೀರೆಷ್ಟು ಹಾಕ್ದೆ?”

“ಅರ್ಧ ಮುಳುಗೋಷ್ಟು.”

“ಅಯ್ಯೋ, ಅವಕ್ಕೇನು ಸ್ನಾನ ಮಾಡಿಸ್ತಿದ್ಯಾ?” ತಂಗಿ ನಕ್ಕಳು. ಅಕ್ಕ ನಗಲಿಲ್ಲ.

“ನನ್ನ ಕೈಲಿ ಆಗ್ಲಿಲ್ಲ ಕಣೆ. ಅವತ್ತು ಎಲ್ರ ಮುಂದೆ ಹಾಗಂದಿದ್ದು ತಪ್ಪು.”

“ಅಲ್ಲಿ ಹ್ಞೂಂ ಅಂದು ಬಂದಿದೀನಕ್ಕ.”

ದೊಡ್ಡಕ್ಕ ಗಂಜಿಯನ್ನು ಬಳಿದು ಚೆಲ್ಲಿದಳು. ಕಾವಲಿ ತೊಳೆದು ತಂದು ಒಲೆಯ ಮೇಲಿಟ್ಟಳು. ಸದಾ ತಾನು ನಿಲ್ಲುವ ಜಾಗ ಬಿಟ್ಟು ಪಕ್ಕಕ್ಕೆ ಸರಿದಳು.

“ಹೋಗೋದ್ರೊಳಗೆ ನಂಗೆ ಹೇಳ್ಕೊಡ್ತೀಯಾ?”

ಹುಟ್ಟಿದಾಗಿನಿಂದ ಅಕ್ಕನ ಬಾಯಲ್ಲಿ ಕೇಳದ ಮಾತು ಅದು. ತಂಗಿ ಅವಳ ಮುಖವನ್ನೇ ನೋಡಿದಳು. ಹೆಚ್ಚಿ ಉಪ್ಪು ಹಾಕಿಟ್ಟಿದ್ದ ಎಲೆಕೋಸಿನ ಪಾತ್ರೆಯನ್ನು ಅವಳ ಮುಂದಕ್ಕೆ ತಳ್ಳಿ, “ಮೊದ್ಲು ಇದನ್ನ ಹಿಂಡು, ಒಂದು ತೊಟ್ಟು ನೀರಿರಬಾರ್ದು” ಎಂದು ಫೋನು ಹಿಡಿದು ಹಿಂಬಾಗಿಲಿನಿಂದ ಆಚೆ ಹೋದಳು.

ದೊಡ್ಡಕ್ಕ ಹಿಂಡತೊಡಗಿದಳು. ಬಾಗಿಲಾಚೆಯಿಂದ ತಂಗಿಯ ದನಿ ಕೇಳಿಸಿತು.

“ಸೋಮವಾರ ಬರೋಕಾಗಲ್ಲ ಸಾರ್. ಇಲ್ಲ, ಆಮೇಲೂ ಆಗಲ್ಲ. ಇಲ್ಲೊಬ್ರು ಹೊಸಬ್ರು ಕೆಲಸಕ್ಕೆ ಸೇರಿದಾರೆ. ಏನೇನೂ ಬರಲ್ಲ ಅವ್ರಿಗೆ, ಎಲ್ಲಾ ಕಲಿಸ್ಬೇಕು.”

ಬೇರೆ ದಿನವಾಗಿದ್ದರೆ ದೊಡ್ಡಕ್ಕ ಸಟ್ಟುಗ ಹಿಡಿದುಕೊಂಡೇ ಆಚೆ ಓಡುತ್ತಿದ್ದಳು. ಈಗ ತೋಳಿನಿಂದ ಕಣ್ಣೊರೆಸಿಕೊಂಡು, ಇನ್ನೊಂದು ಹಿಡಿ ಎಲೆಕೋಸು ತೆಗೆದುಕೊಂಡಳು.